ಏರು ಹತ್ತದ ಕಾರು

ಮೆಕ್ಯಾನಿಕ್‌ಗೆ ಗಿರಾಕಿಗಳ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಬ್ರೇಕ್ ಹಿಡೀತಿಲ್ಲ ಎಂದು ಯಾರಾದರೂ ಬಂದರೆ "ಹೌದಾ?" ಅಂದು, ತಾನೇ ಒಂದು ಸುತ್ತು ಓಡಿಸಿ ನೋಡಿ, ಆಮೇಲೇ ಸ್ಪ್ಯಾನರ್ ಹಿಡಿಯುತ್ತಿದ್ದ. ನೋಡದೆ ನಂಬಿದ್ದು ಒಬ್ಬರನ್ನೇ, ಅಕ್ಕನ ಗಂಡನನ್ನು. ಭಾವ ಅಂದಮೇಲೆ ಭಾವ. ಅವರ ಕಾರನ್ನು ಅನುಮಾನಿಸೋದೂ ಒಂದೇ, ಅವರನ್ನು ಅನುಮಾನಿಸೋದೂ ಒಂದೇ.

ಕಾರು ಹಳೇ ಕಾಲದ್ದು, ಇಂಜಿನ್ ಚಿಕ್ಕದು. "ಪಾಪ, ಅದಕ್ಕೆ ನಿಮ್ಮ ಗುಡ್ಡ ಹತ್ತೋ ದಮ್ಮಿಲ್ಲ" ಅನ್ನೋದು ಭಾವನ ಹಳೇ ರಾಗ. ಗುಡ್ಡದ ಮೇಲೆ ಅಕ್ಕನ ತವರು; ಮೆಕ್ಯಾನಿಕ್ ಅಲ್ಲೇ ಅಮ್ಮ, ಹೆಂಡತಿ ಜೊತೆ ಇದ್ದ. ಭಾವನಿಗೆ ಬಸ್ಸು ಹತ್ತಿದರೆ ವಾಂತಿ. ಹಾಗಾಗಿ ಇಪ್ಪತ್ತೆಂಟು ವರ್ಷದಿಂದ ಅಕ್ಕ ಒಬ್ಬಳೇ ಬಸ್ಸಲ್ಲಿ ಬಂದು ಹೋಗುತ್ತಿದ್ದಳು. ಅಳಿಯ ಎಲ್ಲಿ ಅಂತ ಯಾರಾದರೂ ಕೇಳಿದರೆ, "ಆ ಇಂಜಿನ್‌ಗೆ ಆಗಲ್ಲ, ನನ್ನ ತಮ್ಮನೇ ಹೇಳಿದಾನೆ" ಅನ್ನುತ್ತಿದ್ದಳು. ತಮ್ಮ ಹೇಳಿದ್ದು ನಿಜವೇ. ಭಾವ ಹೇಳಿದ್ದನ್ನೇ ಅವನು ಹೇಳಿದ್ದ.

ಈ ವರ್ಷ ಕಾರು ಹೊಗೆ ಕಾರತೊಡಗಿ, ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. ಅಕ್ಕ ಗುಡ್ಡದ ಕೆಳಗಿದ್ದ ಗ್ಯಾರೇಜಿಗೆ ಬಂದು ಹಳೇ ಟೈರುಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಹಿಂದೆಯೇ ಭಾವ.

"ಹೇಗೂ ಬಿಚ್ತೀಯಾ, ಇಂಜಿನ್ ದೊಡ್ಡದು ಮಾಡಿಬಿಡೋ," ಅಂದಳು ಅಕ್ಕ. "ಅಮ್ಮನಿಗೆ ಎಂಬತ್ತಾಯ್ತು. ಒಂದೇ ಒಂದ್ಸಲ ಇವರ ಜೊತೆ ಕಾರಲ್ಲಿ ಮನೆ ಮುಂದೆ ಇಳೀಬೇಕು ನಾನು."

ದೊಡ್ಡದು ಮಾಡೋದು ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು, ಅಗಲ ಮಾಡಿ, ದಪ್ಪ ಪಿಸ್ಟನ್ ಕೂರಿಸೋದು. ಕೊರೆದ ಕಬ್ಬಿಣ ವಾಪಸ್ ಬರೋದಿಲ್ಲ. ಅತಿಯಾದರೆ ಗೋಡೆ ಸೀಳಿ ಇಂಜಿನ್ ಗುಜರಿ ಪಾಲು. "ಸುಮ್ನೆ ಯಾಕೆ ರಿಸ್ಕು," ಎಂದರು ಭಾವ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಎಂದರು.

ಮೆಕ್ಯಾನಿಕ್ ಇಂಜಿನ್ನಿನ ಹೆಡ್ ಎತ್ತಿಟ್ಟು, ಪಿಸ್ಟನ್ ತಲೆ ಮೇಲಿನ ಮಸಿ ಉಜ್ಜಿದ. ಅಚ್ಚೊತ್ತಿದ ಅರವತ್ತು ಅನ್ನೋ ಅಂಕಿ ಕಂಡಿತು. ಕೊರೆಸಿದ ಇಂಜಿನ್ನಿಗೆ ಹಾಕೋ ಪಿಸ್ಟನ್ನಿನ ಕೊನೇ ಸೈಜು ಅದು. ಅದಕ್ಕಿಂತ ದಪ್ಪದ ಪಿಸ್ಟನ್ ಈ ಕಾರಿಗೆ ಬರೋದೇ ಇಲ್ಲ. ಅವನು ಭಾವನ ಮುಖ ನೋಡಿದ. ಭಾವ ಗೋಡೆ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರ್ ನೋಡುತ್ತಿದ್ದರು.

"ಏನೋ ಅದು?" ಅಂದಳು ಅಕ್ಕ.

ಇನ್ನು ಕೊರೆಯೋಕಾಗಲ್ಲ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಾಯಿ ತಡೀಲಿಲ್ಲ. "ಯಾರೋ ಆಗಲೇ ದೊಡ್ಡದು ಮಾಡಿಸಿದಾರೆ ಅಕ್ಕ."

ಭಾವ ಗಂಟಲು ಸರಿಮಾಡಿಕೊಂಡರು. "ಮದುವೆ ದಿನ ನಿಮ್ಮಪ್ಪ ಎಲ್ಲರೆದುರು ಇದನ್ನ ಹೊಲಿಗೆ ಮೆಷಿನ್ ಅಂದ್ರು. ಪಿತ್ತ ನೆತ್ತಿಗೇರ್ತು. ಬೇರೆ ಊರಲ್ಲಿ ಕೊರೆಸಿ, ಒಬ್ಬನೇ ಗುಡ್ಡ ಹತ್ತಿಸಿ ಗೇಟಿನ ಮುಂದೆ ನಿಲ್ಲಿಸ್ದೆ. ಮನೇಲಿ ಅವರೊಬ್ಬರೇ ಇದ್ರು. ಕಿವಿಗೊಟ್ಟು ಕೇಳಿ, ಈಗ ಹಿಟ್ಟಿನ ಗಿರಣಿ ಆಯ್ತು ಅಂದ್ರು. ಹಾಗೇ ತಿರುಗಿಸ್ಕೊಂಡು ಬಂದೆ."

ಮೆಕ್ಯಾನಿಕ್‌ಗೆ ನಗು ಉಕ್ಕಿ ಬಂತು. ಅಪ್ಪ ಇದ್ದದ್ದೇ ಹಾಗೆ. ಅಕ್ಕನ ಮುಖ ನೋಡಿ ನುಂಗಿಕೊಂಡ.

"ಅಂದ್ರೆ ಹತ್ತುತ್ತಿತ್ತು," ಅಂದಳು ಅಕ್ಕ.

"ಹತ್ತುತ್ತಿತ್ತು."

"ಅಪ್ಪ ಹೋದ ದಿನಾನೂ?"

ಆ ದಿನ ಅವಳು ಎರಡು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಮುಖ ನೋಡಲು ಸಿಕ್ಕಿರಲಿಲ್ಲ. ಭಾವ ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದರು.

ಅಕ್ಕ ತಮ್ಮನ ಕಡೆ ತಿರುಗಿದಳು. "ನೀನಾದ್ರೂ ಒಂದ್ಸಲ ನೋಡಬಾರದಿತ್ತೇನೋ? ಊರವರದ್ದೆಲ್ಲ ನೋಡ್ತೀಯಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯಿಂದ, ಆಗಲೇ ಒರೆಸಿದ್ದ ಪಿಸ್ಟನ್ನನ್ನು ಮತ್ತೆ ಒರೆಸಿದ. "ಒಳಗೆ ಹೊಸ ಕೊಳವೆ ಕೂರಿಸಿ, ಮೊದಲಿನ ಸೈಜಿಗೇ ತರಬೇಕು. ಬೇರೆ ದಾರಿ ಇಲ್ಲ," ಅಂದ.

"ಆಗ ಹತ್ತುತ್ತಾ?"

"ಗೊತ್ತಿಲ್ಲ ಅಕ್ಕ. ಈ ಸಲ ಓಡಿಸಿ ನೋಡಿ ಹೇಳ್ತೀನಿ."

"ನೀನು ಹೇಳೋದು ಬೇಡ," ಎಂದು ಅಕ್ಕ ಎದ್ದಳು. "ನನಗೆ ಡ್ರೈವಿಂಗ್ ಕಲಿಸು. ನಾನೇ ನೋಡ್ಕೋತೀನಿ."