ದೋಸೆಯ ಏಕೀಕರಣ

ಕೊಳ್ಳೇಗಾಲವು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ನೇಕಾರರ ಬೀದಿಯ ಒಂದು ಪಡಸಾಲೆಯಲ್ಲಿ ನಾನು ವಯಸ್ಕರಿಗಾಗಿ ಅಕ್ಷರ ಕಲಿಸುವ ತರಗತಿಯನ್ನು ಆರಂಭಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಎರಡು ಬೆಳ್ಳಿಯ ಬಟ್ಟಲುಗಳು ನನ್ನ ಬಳಿ ಇದ್ದವು; ಅಕ್ಷರವೊಂದು ಬಂದರೆ ಉಳಿದ ಕಷ್ಟಗಳೆಲ್ಲ ತಾವಾಗಿ ತೀರುತ್ತವೆಂಬ ನಂಬಿಕೆಯೂ ಇತ್ತು. ರೇಷ್ಮೆಯ ಮಗ್ಗಗಳಿಗೆ ಬಿಡುವು ಸಿಗುತ್ತಿದ್ದುದು ಅಮಾವಾಸ್ಯೆಯಂದು ಮಾತ್ರ. ಆ ದಿನ ಬೆಳಗಿನಿಂದ ಸಂಜೆಯವರೆಗೆ ಪಾಠ. ಮಸಾಲೆ ದೋಸೆ ಕೊಟ್ಟ ಅಮಾವಾಸ್ಯೆಗೆ ಹದಿನೆಂಟು ಜನ ಬಂದರು. ಕೊಡದ ಅಮಾವಾಸ್ಯೆಗೆ ಇಬ್ಬರು. ಅವರಲ್ಲೊಬ್ಬರು ಆ ಮನೆಯ ಯಜಮಾನರಾದ ಹಿರಿಯ ನೇಕಾರರು, ಅವರಿಗೆ ಬೇರೆ ಹೋಗಲು ಸ್ಥಳವಿರಲಿಲ್ಲ.

ದೋಸೆಗೆಂದು ತಲೆಗೆ ಎರಡಾಣೆ ಕೊಡಲು ಎಲ್ಲರೂ ಒಪ್ಪಿದರು. ಊರಿನ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಮೂರಾಣೆ. ಆದರೆ ಅದೇ ಮಾಲೀಕರಿಗೆ ಹನೂರಿನಲ್ಲಿ ಒಂದು, ಯಳಂದೂರಿನಲ್ಲಿ ಒಂದು ಹೋಟೆಲು ಇದ್ದು, ಯಳಂದೂರಿನ ಹಲಗೆಯ ಮೇಲೆ ಮಸಾಲೆ ದೋಸೆಗೆ ಎರಡೇ ಆಣೆಯೆಂದು ಬರೆದಿದ್ದುದನ್ನು ನಾನು ಕಣ್ಣಾರೆ ಕಂಡೆ. ಮೊದಲು ಕೊಳ್ಳೇಗಾಲ ಮದರಾಸಿನದು, ಯಳಂದೂರು ಮೈಸೂರಿನದು; ದರವೂ ಹಾಗೆಯೇ ಉಳಿದುಬಿಟ್ಟಿತ್ತು. ಹಿಟ್ಟನ್ನು ಕೊಳ್ಳೇಗಾಲದಲ್ಲೇ ರುಬ್ಬಿ ಮೊದಲ ಬಸ್ಸಿನಲ್ಲಿ ಯಳಂದೂರಿಗೆ ಕಳಿಸುತ್ತಿದ್ದರು. ಅಂದಿನಿಂದ ಆ ಹಿಟ್ಟು ದೋಸೆಯಾಗಿ ಮುಂದಿನ ಬಸ್ಸಿನಲ್ಲಿ ನಮ್ಮೂರಿಗೇ ಹಿಂತಿರುಗತೊಡಗಿತು, ಒಂದಾಣೆ ಅಗ್ಗವಾಗಿ. ಡ್ರೈವರು ಪೊಟ್ಟಣವನ್ನು ಎಂಜಿನ್ನಿನ ಮೇಲಿಟ್ಟು ಬೆಚ್ಚಗೆ ತರುತ್ತಿದ್ದ. ಕಂಡಕ್ಟರಿಗೆ ಒಂದು ದೋಸೆ. ಅದರ ಬೆಲೆ ನನ್ನ ಜೇಬಿನಿಂದ. ದೋಸೆಗೆ ಡೀಸೆಲ್ಲಿನ ವಾಸನೆ ಇರುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ.

ಇಷ್ಟಕ್ಕೆ ನಾನು ಸುಮ್ಮನಿರಬೇಕಾಗಿತ್ತು. ಆದರೆ ಲಾಭವಾಗುತ್ತಿದೆಯೆಂಬ ಕಾರಣಕ್ಕೆ ಅನ್ಯಾಯವನ್ನು ಸಹಿಸುವುದು ನನಗೆ ಸರಿಯೆನಿಸಲಿಲ್ಲ. ಒಂದು ಬೆಳಗ್ಗೆ ಕೊಳ್ಳೇಗಾಲದ ಹೋಟೆಲಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಮುಂದೆ ನಿಂತು ವಿಷಯವನ್ನು ಮೂರು ಭಾಗವಾಗಿ ಮಂಡಿಸಿದೆ. ಹಿಟ್ಟು ಒಂದೇ, ಮಾಲೀಕರು ಒಬ್ಬರೇ, ಈಗ ರಾಜ್ಯವೂ ಒಂದೇ. ನಾಡು ಏಕೀಕರಣಗೊಂಡ ಮೇಲೂ ದೋಸೆ ಮಾತ್ರ ಏಕೆ ಇಬ್ಭಾಗವಾಗಿರಬೇಕು? ಗಿರಾಕಿಗಳು ಕಾಫಿ ಆರಿದರೂ ಕೇಳಿದರು. ಮಾಲೀಕರು ಗಲ್ಲದ ಮೇಲೆ ಕೈಯಿಟ್ಟು, ಒಮ್ಮೆಯೂ ಅಡ್ಡಬಾರದೆ ಕೇಳಿದರು.

"ನೀವು ಹೇಳೋದು ನ್ಯಾಯ ಸ್ವಾಮಿ," ಎಂದರು. "ಮೂರು ಕಡೇನೂ ಒಂದೇ ರೇಟು ಮಾಡ್ತೀನಿ."

ನನ್ನ ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ. ಮೂರನೆಯ ಬಟ್ಟಲು ಗೆದ್ದವನಂತೆ ಮನೆಗೆ ಬಂದೆ.

ಮುಂದಿನ ಅಮಾವಾಸ್ಯೆಗೆ ಬಸ್ಸಿನಿಂದ ಇಳಿದ ಪೊಟ್ಟಣ ಹಗುರವಾಗಿತ್ತು. ಯಳಂದೂರಿನ ಹಲಗೆಯ ಮೇಲೂ, ಹನೂರಿನದರ ಮೇಲೂ ಈಗ ಮೂರಾಣೆ ಎಂದಿದೆಯೆಂದು ಡ್ರೈವರು ತಿಳಿಸಿದ. "ನೀವೇ ಏಳಿದ್ರಂತಲ್ಲ ಸಾ," ಎಂದ. ಕಳಿಸಿದ್ದ ಹಣಕ್ಕೆ ಹನ್ನೆರಡೇ ದೋಸೆ ಬಂದಿದ್ದವು. ಕಂಡಕ್ಟರು ತನ್ನ ಪಾಲನ್ನು ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಹದಿನೆಂಟು ಜನರ ಮುಂದೆ ಹನ್ನೊಂದು ದೋಸೆ.

ನಡೆದುದನ್ನು ನಾನೇ ಒಪ್ಪಿಕೊಂಡೆ. ಹಿರಿಯ ನೇಕಾರರು ಪೊಟ್ಟಣವನ್ನೂ ನನ್ನನ್ನೂ ನೋಡಿದರು.

"ಅಂಗಾರೆ ನೀವು ಗೆದ್ದುಬುಟ್ರಿ."

"ವಾದದ ಮಟ್ಟಿಗೆ ಗೆದ್ದೆ."

"ಇನ್ನೊಂದ್ ಕಿತ ಗೆದ್ರೆ ನಮಗೆ ಉಪಾಸ ಕಣ್ ಸಾ."

ನಾನು ಮತ್ತೊಮ್ಮೆ ಹೋಟೆಲಿಗೆ ಹೋಗಿ ಪ್ರತಿವಾದ ಹೂಡುವೆನೆಂದಾಗ ನಾಲ್ವರು ಸ್ಲೇಟು ಗೋಡೆಗೊರಗಿಸಿ ಎದ್ದರು. ಒಬ್ಬರು ಆಗಲೇ ಚಪ್ಪಲಿ ಮೆಟ್ಟಿದ್ದರು. ತರಗತಿ ಅಂದೇ ಮುಗಿಯಿತೆಂದುಕೊಂಡೆ.

ಒಳಗಿನ ಬಾಗಿಲಲ್ಲಿ ಹಿರಿಯರ ಹೆಂಡತಿ ನಿಂತಿದ್ದರು. ಇಷ್ಟು ತಿಂಗಳು ಕೇಳಿಸಿಕೊಂಡು ಸುಮ್ಮನಿದ್ದವರು.

"ದುಡ್ಡೆಲ್ಲ ಓಗೋದು ಒಳಗಿನ ಪಲ್ಯಕ್ಕೆ ಕಣ್ರಿ. ಈ ಊರಲ್ಲೇ ಖಾಲಿ ದೋಸೆ ತರ್ಸಿ, ಒಂದೂವರೆ ಆಣೆ. ಉಳಿದ ಅರ್ಧಾಣೇಲಿ ಆಲೂಗೆಡ್ಡೆ ತಕಂಡ್ ಬನ್ನಿ, ನಾನು ಬೇಯಿಸ್ತೀನಿ."

ಎದ್ದವರು ನಿಂತಲ್ಲೇ ಲೆಕ್ಕ ಹಾಕಿದರು. ಚಪ್ಪಲಿ ಮೆಟ್ಟಿದ್ದವರು ಬಿಟ್ಟರು. ಬಸ್ಸು ಬೇಡ, ಕಂಡಕ್ಟರು ಬೇಡ, ದೋಸೆ ಬಿಸಿಯಾಗಿಯೇ ಬರುತ್ತದೆ. ಹೋಟೆಲಿಗೆ ಮೇಷ್ಟ್ರು ಹೋಗಕೂಡದೆಂಬ ನಿರ್ಣಯವೂ ಅಲ್ಲೇ ಆಯಿತು.

"ಪಲ್ಯ ಮಾಡೋಳ್ಗೂ ಒಂದ್ ಸ್ಲೇಟು ಮಡಗಬೇಕು," ಎಂದರು ಆಕೆ.

ಹೆಂಗಸರನ್ನು ತರಗತಿಗೆ ಕರೆಯಬೇಕೆಂಬುದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಸ್ತ್ರೀಶಿಕ್ಷಣದ ಅಗತ್ಯವನ್ನು ಸಭೆಗೆ ಮನವರಿಕೆ ಮಾಡಿಕೊಡಲು ಎದ್ದು ನಿಂತು, ಗಂಟಲು ಸರಿಮಾಡಿಕೊಂಡೆ.

"ಒಪ್ಕಂಡಾಯ್ತು ಸಾ," ಎಂದರು ಹಿರಿಯ ನೇಕಾರರು. "ಕುಂತ್ಕಳಿ."