ಕೊಟ್ಟಿಗೆಯ ಗೋಡೆಯಲ್ಲಿ ಕಂಡ ಅಂಗಳ

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಮಣಿಪಾಲದಿಂದ ಹೊರಟೆ. ಚಳಿಗಾಲದ ಮಂಜು ದಟ್ಟವಾಗಿತ್ತು. ಇಳಿಜಾರಿನಲ್ಲಿ ಬಸ್ಸು ನಿಧಾನವಾಗಿ ಇಳಿಯುವಾಗ ಕೆಳಗಿನ ಉಡುಪಿ ಇನ್ನೂ ಯಾರೂ ಬಿಡಿಸದ ಚಿತ್ರದ ಹಾಗಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು, ಚಹಾ ಕುಡಿದು, ಕಾಪುವಿನ ಬಸ್ಸು ಹಿಡಿದೆ.

ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ನನಗೆ ಇಪ್ಪತ್ತಾರು ವರ್ಷಗಳ ನೌಕರಿ. ದಿನವಿಡೀ ಜನರ ಮೂಳೆಗಳ ಚಿತ್ರ ತೆಗೆಯುತ್ತೇನೆ. ರಜೆ ಸಿಕ್ಕಿದಾಗ ಕ್ಯಾಮೆರಾ ಹೆಗಲಿಗೇರಿಸಿ ದನದ ಹಟ್ಟಿ, ಭತ್ತದ ಕೊಟ್ಟಿಗೆ, ಬಲೆ ಇಡುವ ಚಪ್ಪರಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಇಂಥವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಈ ಸಲ ಎರಡು ದಿನದ ರಜೆಯಲ್ಲಿ ಎರಡನ್ನು ನೋಡುವ ಯೋಚನೆಯಿತ್ತು.

ಕಟಪಾಡಿಯಲ್ಲಿ ಒಬ್ಬಾಕೆ ಮಲ್ಲಿಗೆಯ ಕಟ್ಟು ಹಿಡಿದು ಬಸ್ಸು ಹತ್ತಿ ಪಕ್ಕದಲ್ಲಿ ಕುಳಿತರು. ಆ ಪರಿಮಳದಲ್ಲಿ ಕಣ್ಣು ಮುಚ್ಚಿದವಳು ಕಾಪುವಿನಲ್ಲಿ ಕಂಡಕ್ಟರ್ ಕೂಗಿದಾಗಲೇ ಎಚ್ಚರಗೊಂಡೆ. ಕಡಲ ಬದಿಗೆ ನಡೆದು ಹೋದರೆ ನಾನು ಹುಡುಕಿ ಬಂದ, ಬಲೆ ಇಡುವ ತೆಂಗಿನ ಮಡಲಿನ ಚಪ್ಪರವೇ ಇರಲಿಲ್ಲ. ಮರಳಿನಲ್ಲಿ ಕಂಬ ಕಿತ್ತ ನಾಲ್ಕು ಗುಂಡಿಗಳು ಮಾತ್ರ ಇದ್ದವು. ಬಲೆ ಹೊಲಿಯುತ್ತಿದ್ದ ಹಿರಿಯ ಮೀನುಗಾರರೊಬ್ಬರು ಎದ್ದು ಬಂದರು.

"ಹೋದ ವಾರವೇ ತೆಗೆದಾಯ್ತು. ನೀವು ತಡ ಮಾಡಿದ್ರಿ ಅಲ್ವಾ" ಎಂದರು.

ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಗುಂಡಿಗಳ ನಡುವೆ ನಿಂತು ಎರಡೂ ಕೈ ಚಾಚಿದರು. "ಇಷ್ಟು ಅಗಲ ಉಂಟು. ಇಲ್ಲಿ ಬಾಗಿಲು. ತಲೆ ತಗ್ಗಿಸಿ ಬರ್ಬೇಕು." ಇಲ್ಲದ ಬಾಗಿಲಿನಲ್ಲಿ ತಲೆ ತಗ್ಗಿಸಿ ಅವರು ಒಳಗೆ ಬಂದರು. ಹಿಂದೆ ಮಂಜು ಮತ್ತು ಸಮುದ್ರ ಒಂದೇ ಬಣ್ಣವಾಗಿದ್ದವು. ಒಂದು ಚಿತ್ರ ತೆಗೆದುಕೊಂಡೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಬೆಳ್ಮಣ್ ತಲುಪಿದೆ. ನಾನು ನೋಡಬೇಕಿದ್ದ ಕೊಟ್ಟಿಗೆಯ ಒಡತಿ ಐರಿನ್ ಬಾಯಿ, ನಮ್ಮ ವಿಭಾಗದ ನರ್ಸ್ ಒಬ್ಬರ ನೆರೆಮನೆಯವರು. ವಯಸ್ಸು ಅರವತ್ತಾರು. ಸೊಸೆಯ ಜೊತೆ ಸೇರಿ ಎಂಟು ದನ ಸಾಕಿದ್ದಾರೆ. ಸೀರೆಯ ಮೇಲೊಂದು ಹಳೆ ಶರ್ಟು ಹಾಕಿಕೊಂಡು ಹುಲ್ಲಿನ ಹೊರೆ ಇಳಿಸುತ್ತಿದ್ದರು.

"ಬೇಗ ತೆಗೀರಿ ಮೇಡಂ. ನಾಳೆ ಒಂಬತ್ತಕ್ಕೆ ಕೊಟ್ಟಿಗೆ ಕೆಡವ್ಲಿಕ್ಕೆ ಜೆಸಿಬಿ ಬರ್ತದೆ. ದನಗಳಿಗೆ ಹೊಸ ಹಟ್ಟಿ ಆಗ್ಬೇಕು" ಎಂದರು. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ.

ಅದು ಕೆಂಪು ಮುರಕಲ್ಲಿನ ಭತ್ತದ ಕೊಟ್ಟಿಗೆ. ಮೇಲೆ ಹಲಗೆಯ ಮುಚ್ಚಿಗೆ, ಪಶ್ಚಿಮಕ್ಕೆ ಅಂಗಳದ ಕಡೆ ದಪ್ಪ ಹಲಸಿನ ಬಾಗಿಲು, ಎದುರಿನ ಗೋಡೆಗೆ ಸುಣ್ಣ. ಒಳಗೆ ಹಳೆಯ ಬೈಹುಲ್ಲಿನ ವಾಸನೆ. ಬಾಗಿಲು ಮುಚ್ಚಿದಾಗ ನನ್ನ ಕೈ ನನಗೇ ಕಾಣಲಿಲ್ಲ. ಆ ಕತ್ತಲೆಯಲ್ಲಿ ಐರಿನ್ ಬಾಯಿ ಮೆಲ್ಲಗೆ ಕೇಳಿದರು:

"ನೀವು ಎಕ್ಸ್‌ರೇಯವರಲ್ವಾ, ಒಂದು ಕೇಳ್ತೇನೆ, ನಗಾಡ್ಬೇಡಿ. ಕತ್ತಲೆ ಕೋಣೆಯ ಗೋಡೆಯಲ್ಲಿ ಜನ ತಲೆಕೆಳಗಾಗಿ ನಡೆಯುವುದು ಅಂತ ಉಂಟಾ?"

"ಉಂಟು" ಎಂದೆ. "ಬಾಗಿಲಲ್ಲೊಂದು ಸಣ್ಣ ತೂತಿದ್ದರೆ ಹೊರಗಿನ ಬೆಳಕು ಅದರಿಂದ ಬಂದು ಗೋಡೆಯ ಮೇಲೆ ಬೀಳುತ್ತದೆ. ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಕ್ಯಾಮೆರಾದೊಳಗೂ ಆಗುವುದು ಅದೇ."

ಅವರು ಆಗ ಹಳೆಯ ಸಂಗತಿ ಹೇಳಿದರು. ಚಿಕ್ಕವರಿದ್ದಾಗ ಅವರೂ ತಮ್ಮ ವಿಕ್ಟರನೂ ಬೆಳಿಗ್ಗೆ ಇಲ್ಲಿ ಕುಳಿತು, ಅಪ್ಪ, ಎಮ್ಮೆ, ತೆಂಗಿನಮರ ಎಲ್ಲ ಗೋಡೆಯಲ್ಲಿ ತಲೆಕೆಳಗಾಗಿರುವುದನ್ನು ನೋಡುತ್ತಿದ್ದರಂತೆ. ಎರಡನೇ ಕ್ಲಾಸಿನ ವಿಕ್ಟರ್ ಅದನ್ನು ಶಾಲೆಯಲ್ಲಿ ಹೇಳಿದ. ಸುಳ್ಳು ಹೇಳುತ್ತೀಯಾ ಎಂದು ಮೇಷ್ಟ್ರು ಬೆತ್ತ ಹಿಡಿದರು. ಸಾಕ್ಷಿಗೆಂದು ಐದನೇ ಕ್ಲಾಸಿನಿಂದ ಅಕ್ಕನನ್ನು ಕರೆಸಿದರು.

"ನಾನು ಹೆದರಿ, ಇಲ್ಲ ಸಾರ್, ಅಂಥದ್ದು ಎಂತದೂ ಇಲ್ಲ ಅಂದೆ. ಅವನಿಗೆ ಪೆಟ್ಟು ಬಿತ್ತು. ಅಪ್ಪ ಬಾಗಿಲಿನ ತೂತಿಗೆ ಬೆಣೆ ಹೊಡೆದ್ರು. ಮತ್ತೆ ನನಗೇ ಸಂಶಯ, ನೋಡಿದ್ದು ಹೌದಾ, ಕನಸಾ ಅಂತ. ಅವ ಕಾರ್ಕಳದಲ್ಲಿ ಟೈಲರ್. ಮಾತಾಡ್ತಾನೆ, ಹಬ್ಬಕ್ಕೆ ಬರ್ತಾನೆ. ಆದ್ರೆ ಈ ಕೊಟ್ಟಿಗೆಗೆ ಕಾಲಿಡುವುದಿಲ್ಲ."

ಬಾಗಿಲ ಮೇಲೆ ಕೈಯಾಡಿಸಿದಾಗ ಬೆಣೆ ಸಿಕ್ಕಿತು. ಮರದ ಗಂಟು ಬಿದ್ದು ಆದ ತೂತಿಗೆ ಹೊಡೆದದ್ದು. ಆದರೆ ಆಗ ಬಿಸಿಲು ಎದುರಿನಿಂದ ಬರುತ್ತಿತ್ತು. ಬೆಳಗಿನ ಬಿಸಿಲು ಕೊಟ್ಟಿಗೆಯ ಹಿಂದಿನಿಂದ ಬಂದು ಅಂಗಳವನ್ನು ಬೆಳಗಿಸುವ ತನಕ ಕಾಯಬೇಕಿತ್ತು. "ಇಲ್ಲೇ ಇರಿ" ಎಂದರು. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ಉಂಡು ಬೇಗ ಮಲಗಿದೆ.

ಶನಿವಾರ ಹಾಲು ಕರೆದು ಮುಗಿಸಿ, ಎಂಟು ಗಂಟೆಗೆ ಐರಿನ್ ಬಾಯಿಯೇ ಸುತ್ತಿಗೆ ತಂದರು. ಬೆಣೆ ಎರಡೇ ಪೆಟ್ಟಿಗೆ ಹಾರಿತು. ಬಾಗಿಲು ಮುಚ್ಚಿಕೊಂಡು ಕಾದೆವು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗುತ್ತಿದ್ದಂತೆ ಸುಣ್ಣದ ಗೋಡೆ ನೀರಿನ ಹಾಗೆ ಅಲುಗಿತು. ಮೇಲೆ ಅಂಗಳದ ಕೆಂಪು ಮಣ್ಣು, ಕೆಳಗೆ ನೀಲಿ ಆಕಾಶ, ಆಕಾಶದೊಳಗೆ ಇಳಿಬಿದ್ದ ತೆಂಗಿನ ಗರಿಗಳು. ಸೊಸೆ ಕೊಡಪಾನ ಹಿಡಿದು ತಲೆಕೆಳಗಾಗಿ, ಚೂರೂ ಸದ್ದಿಲ್ಲದೆ, ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋದಳು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಅರ್ಧ ನಿಮಿಷ ಬೆಳಕು ಕುಡಿಸಿದೆ.

ಐರಿನ್ ಬಾಯಿ ಶರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಹೋಗಿ ತಮ್ಮನಿಗೆ ಫೋನು ಮಾಡಿದರು. ಕೊಂಕಣಿಯಲ್ಲಿ ಅವರು ಹೇಳಿದ್ದು ಒಂದೆರಡು ಮಾತು ಅಷ್ಟೆ.

ಒಂಬತ್ತಕ್ಕೆ ಜೆಸಿಬಿ ಬಂತು. ಅದರ ಹಿಂದೆಯೇ ಮೋಡವೂ ಬಂತು. ಗೋಡೆ ಬರೀ ಗೋಡೆಯಾಯಿತು. ಒಂಬತ್ತೂವರೆಗೆ ಸ್ಕೂಟರಿನಲ್ಲಿ ವಿಕ್ಟರ್ ಬಂದರು. ತೆಳ್ಳಗಿನ ಮನುಷ್ಯ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಒಳಗೆ ಬಾ, ನೋಡು" ಎಂದರು ಅಕ್ಕ.

"ನಾನು ನೋಡಿದ್ದೇನೆ" ಎಂದು ಅವರು ಅಂಗಳದ ನಡುವೆಯೇ ನಿಂತರು. "ನೋಡ್ಬೇಕಾದದ್ದು ನೀನು."

"ಬಾಯಮ್ಮ, ನನಗೆ ಇನ್ನೊಂದು ಕಡೆ ಕೆಲಸ ಉಂಟು ಮಾರಾಯ್ರೆ" ಎಂದು ಜೆಸಿಬಿಯ ಡ್ರೈವರ್ ಗೊಣಗಿದ. ಹತ್ತೇ ನಿಮಿಷ ಎಂದು ಸೊಸೆ ಅವನಿಗೆ ಚಹಾ ಕೊಟ್ಟಳು. ನಾನೂ ಐರಿನ್ ಬಾಯಿಯೂ ಮತ್ತೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆವು.

ಹತ್ತು ನಿಮಿಷ ಕಳೆದು ಇನ್ನೂ ಐದಾಯಿತು. ಡ್ರೈವರ್ ಯಂತ್ರ ಚಾಲೂ ಮಾಡಿದ್ದು ನೆಲದಲ್ಲಿ ನಡುಗಿತು. ಇನ್ನು ಸಾಕು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆ ಬೆಳಗಿತು. ಆಕಾಶ ಕೆಳಗೆ ಹರಡಿಕೊಂಡಿತು. ಅದರಲ್ಲಿ ತಲೆಕೆಳಗಾಗಿ, ಟೇಪು ಹಾಕಿಕೊಂಡು, ಕೈಕಟ್ಟಿ ನಿಂತಿದ್ದರು ವಿಕ್ಟರ್. ಐರಿನ್ ಬಾಯಿ ಹತ್ತಿರ ಹೋಗಿ ಆ ಬೆಳಕಿನ ಮೇಲೆ ಅಂಗೈ ಇಟ್ಟರು. ತಮ್ಮನ ಮುಖ ಅವರ ಕೈಯ ಮೇಲೆ ಬಂತು. ನಾನು ಶಟರ್ ಒತ್ತಲಿಲ್ಲ. ಮರೆತದ್ದಲ್ಲ, ಮನಸ್ಸು ಬರಲಿಲ್ಲ.

ಆಮೇಲೆ ಅವರು ಬಾಗಿಲು ತೆಗೆದು ಹೊರಗೆ ಬಂದು, ಯಂತ್ರ ನಿಲ್ಲಿಸಲು ಡ್ರೈವರ್‌ಗೆ ಕೈ ತೋರಿಸಿದರು.

"ಅವತ್ತು ಶಾಲೆಯಲ್ಲಿ ಎಲ್ಲರ ಎದುರು ಹೇಳಿದ್ದು ಕನ್ನಡದಲ್ಲಿ. ಇವತ್ತೂ ಕನ್ನಡದಲ್ಲೇ ಹೇಳ್ತೇನೆ. ನಾನು ಹೇಳಿದ್ದು ಸುಳ್ಳು. ನನ್ನ ತಮ್ಮ ಹೇಳಿದ್ದು ನಿಜ."

ತಮ್ಮನನ್ನು ಬಿಟ್ಟರೆ ಕೇಳಿದವರು ನಾನು, ಸೊಸೆ, ಡ್ರೈವರ್ ಮೂವರೇ. ವಿಕ್ಟರ್ ತಲೆಯಾಡಿಸಿ, ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡರು. ನಂತರ ಕೊಟ್ಟಿಗೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಹೊರಬರುವವರೆಗೆ ಡ್ರೈವರ್ ಯಂತ್ರ ಮುಟ್ಟಲಿಲ್ಲ.

ಹನ್ನೆರಡರ ಒಳಗೆ ಕೊಟ್ಟಿಗೆ ನೆಲಕ್ಕಿಳಿದಿತ್ತು. ವಿಕ್ಟರ್ ತಮ್ಮ ಸ್ಕೂಟರಿನಲ್ಲೇ ನನ್ನನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದರು. ಕಟಾವಾದ ಗದ್ದೆಗಳ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಹಿರಿಯಡಕದ ಮೇಲಾಗಿ ಮಣಿಪಾಲಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಬಳಿ ಕುಳಿತೆ. ಅವರು ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು.

"ಮೇಡಂ, ಅಕ್ಕ ಹೇಳಿದ್ದು ನೀವೂ ಕೇಳಿದ್ದೀರಲ್ವಾ?"

"ಕೇಳಿದ್ದೇನೆ" ಎಂದೆ.

ಬಸ್ಸು ತಿರುವು ದಾಟುವ ಮೊದಲು ಹಿಂದೆ ನೋಡಿದೆ. ಜನರ ನಡುವೆ ಅವರು ಒಬ್ಬರೇ ನಗುತ್ತ ನಿಂತಿದ್ದರು.