ಅವ್ವನಿಗೆ ನೀರು ಕುಡಿಸಲು ಕೆರೆಗೆ

ಕೆರೆ ನೋಡಲು ಹೋಗೋಣ ಎಂದು ಒಂದು ದಿನ ನಾನೇ ಹೇಳಿದೆ. ನಮ್ಮ ಮನೆಯವರು ಓದುತ್ತಿದ್ದ ಪೇಪರನ್ನು ಮಡಚಿಟ್ಟರು. ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು. ಕಾಶಿಗೆ ನಡೆದುಕೊಂಡು ಹೋಗುತ್ತೇನೆ ಎಂದಿದ್ದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಹಾಸನದ ಹೊರಗೆ ಅರಣ್ಯ ಇಲಾಖೆಯವರದೊಂದು ಉದ್ಯಾನವಿದೆ, ಅದರೊಳಗೆ ಒಂದು ಕೆರೆ. ನಮ್ಮ ಮನೆಯಿಂದ ಆಟೋದಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು.

ಅವರ ಗಾಬರಿಗೆ ಕಾರಣ ನನಗೆ ಗೊತ್ತಿತ್ತು. ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತೇನೆ. ಕುಡಿದ ನೀರು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಕುಡಿಯುವುದಕ್ಕೂ ಅಳತೆಯಿದೆ. ದಿನಕ್ಕೆ ಒಂದು ಸಣ್ಣ ಸ್ಟೀಲ್ ಬಾಟಲಿ, ಅಷ್ಟೇ. ಇಷ್ಟು ವರ್ಷ ಬೀದಿಯ ಹೆಂಗಸರ ಬ್ಲೌಸಿಗೆಲ್ಲ ಟೇಪು ಹಿಡಿದು ಹೊಲಿದುಕೊಟ್ಟವಳು ನಾನು. ಈಗ ಡಾಕ್ಟರು ನನ್ನ ಗಂಟಲಿಗೇ ಟೇಪು ಹಿಡಿದಿದ್ದಾರೆ. ಯಂತ್ರದಿಂದ ಎದ್ದು ಬಂದ ದಿನ ಸೂಜಿಗೆ ದಾರ ಪೋಣಿಸುವಷ್ಟೂ ತ್ರಾಣವಿರುವುದಿಲ್ಲ. ಅದನ್ನಾದರೂ ಹೇಗೋ ಸಹಿಸಿಕೊಳ್ಳುತ್ತೇನೆ, ನನ್ನವರ ಒಳ್ಳೆಯತನವನ್ನು ಸಹಿಸುವುದು ಕಷ್ಟ.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಅವರ ಮುಂದೆ ಒಂದು ಚೊಂಬು ನೀರು ಇಡುತ್ತೇವೆ, ಮಾತು ಆಮೇಲೆ. ಈಗ ನಮ್ಮ ಮನೆಗೆ ಬರುವವರು ಬಸ್ ಸ್ಟ್ಯಾಂಡಿನಲ್ಲೇ ನೀರು ಕುಡಿದು ಬಾಯಿ ಒರೆಸಿಕೊಂಡು ಬರುತ್ತಾರೆ. ಅಡುಗೆಮನೆಯಲ್ಲಿದ್ದ ಫಿಲ್ಟರು ಹಿತ್ತಲ ಮೂಲೆಗೆ ಹೋಯಿತು. ಊಟದ ಮಧ್ಯೆ ಬಿಕ್ಕಳಿಕೆ ಬಂದರೆ ಮನೆಯವರು ಎದ್ದು ಹಿತ್ತಲಿಗೆ ಓಡುತ್ತಾರೆ, ಕದ್ದು ಬೀಡಿ ಸೇದುವವರ ಹಾಗೆ. ನಾನು ನೋಡದಂತೆ ಮಾಡುವುದಕ್ಕೆ ಅವರು ಪಡುವ ಪಾಡು ನೋಡಿ ನನಗೇ ಅಯ್ಯೋ ಅನ್ನಿಸುತ್ತದೆ.

ಅವ್ವ ಇವರೆಲ್ಲರನ್ನೂ ಮೀರಿಸಿದವಳು. ಹೊಳೆನರಸೀಪುರದಲ್ಲಿ ನನ್ನ ತಮ್ಮನ ಜೊತೆ ಇದ್ದವಳು ನನ್ನನ್ನು ನೋಡಿಕೊಳ್ಳಲೆಂದು ಬಂದು ನಮ್ಮಲ್ಲೇ ಉಳಿದಿದ್ದಾಳೆ. ನಾನು ಒಂದು ಗುಟುಕು ಕುಡಿದರೆ ಅವಳೂ ಒಂದು ಗುಟುಕು. ನಾನು ಬಾಟಲಿ ಮುಚ್ಚಿದರೆ ಅವಳೂ ಲೋಟ ಬೋರಲು ಹಾಕುತ್ತಾಳೆ. ಹಿತ್ತಲಿಗೆ ಹೋಗಿಯಾದರೂ ಕುಡಿಯುತ್ತಾಳಾ ಎಂದರೆ ಅದೂ ಇಲ್ಲ. ಈ ಬೇಸಿಗೆಯಲ್ಲಿ ಉರಿಮೂತ್ರ ಶುರುವಾಗಿ, ಒಂದು ದಿನ ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಡಾಕ್ಟರು ಚೆನ್ನಾಗಿ ಬೈದರು. ನೀರು ಕುಡಿಯದೆ ಹೀಗೇ ಇದ್ದರೆ ಮಗಳ ಪಕ್ಕದ ಹಾಸಿಗೆಯಲ್ಲಿ ನೀವೂ ಮಲಗಬೇಕಾಗುತ್ತದೆ ಎಂದರು. ಅವ್ವ ಸೆರಗು ಹೊದ್ದು ಆಗಲಿ ಎಂದು ತಲೆಯಾಡಿಸಿ ಬಂದಳು. ಸಂಜೆ ನಾನೇ ಲೋಟ ತುಂಬಿಸಿ ಮುಂದಿಟ್ಟೆ.

"ನಿನ್ ಮುಂದೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ ಮಗ," ಎಂದು ಲೋಟ ಸರಿಸಿದಳು.

ಬೇಡಿದೆ, ಗದರಿದೆ, ಮಾತು ಬಿಟ್ಟೆ. ಯಾವುದೂ ನಡೆಯಲಿಲ್ಲ. ಆಗ ಹೊಳೆದದ್ದು ಈ ಕೆರೆ. ಮನೆಯ ನಾಲ್ಕು ಗೋಡೆಯ ಮಧ್ಯೆ ಒಂದು ಲೋಟ ನೀರು ದೊಡ್ಡ ವಿಷಯವಾಗಿಬಿಟ್ಟಿದೆ. ಬಯಲಿನಲ್ಲಿ ಅಷ್ಟು ನೀರಿನ ಎದುರು ಬುತ್ತಿ ಬಿಚ್ಚಿ ಎಲ್ಲರೂ ಮೊದಲಿನಂತೆ ನೀರು ಕುಡಿದರೆ ಅವಳೂ ಕುಡಿದಾಳು ಎಂದುಕೊಂಡೆ. ಇದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಅವ್ವ ಹೊರಡುತ್ತಲೇ ಇರಲಿಲ್ಲ.

ಸುದ್ದಿ ಹೊಳೆನರಸೀಪುರಕ್ಕೆ ಮುಟ್ಟಿ ತಮ್ಮ ಫೋನು ಮಾಡಿದ. ನೀರು ನೋಡಿದರೆ ನನಗೆ ಆಸೆಯಾಗುವುದಿಲ್ಲವಾ ಎಂದು ಅಳುಕುತ್ತಾ ಕೇಳಿದ. ಕೆರೆ ನೀರನ್ನು ಎಮ್ಮೆ ಕುಡಿಯುತ್ತದೆ, ನಾನಲ್ಲ ಎಂದೆ. ಚನ್ನರಾಯಪಟ್ಟಣದಿಂದ ತಂಗಿ ಬೇರೆ ದಾರಿ ಹುಡುಕಿದಳು. ಅವಳ ಮನೆಯವರದು ತೆಂಗಿನಕಾಯಿ ವ್ಯಾಪಾರ. ಎಳನೀರಿನಲ್ಲಿರುವ ಪೊಟ್ಯಾಸಿಯಂ ನನಗೆ ವಿಷ ಎಂದು ಗೊತ್ತಾದ ಮೇಲೆ, ಅಕ್ಕನಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂದು ಕೊರಗುವವಳು. ಜಿನನಾಥಪುರದ ಬಸದಿ ನೋಡಿ ಅಲ್ಲಿಂದ ಬೆಳಗೊಳಕ್ಕೆ ಹೋಗೋಣ, ನೀರಿನ ಗೊಡವೆಯೇ ಬೇಡ ಎಂದಳು. ಬೆಳಗೊಳದ ನಟ್ಟನಡುವೆ ಇರುವುದೇ ಕೊಳ ಎಂದು ನಾನು ನೆನಪಿಸಿದೆ. ಸರಿ, ಕೆರೆಗೇ ಬರುತ್ತೇನೆ ಎಂದು ಫೋನಿಟ್ಟಳು.

ದಿನ ಗೊತ್ತು ಮಾಡುವುದು ಇನ್ನೊಂದು ರಗಳೆ. ಯಂತ್ರದ ದಿನಗಳು ಬಿಟ್ಟರೆ ಉಳಿಯುವುದರಲ್ಲಿ ಮಂಗಳವಾರ ಉದ್ಯಾನಕ್ಕೆ ರಜೆ, ಗುರುವಾರ ತಮ್ಮನಿಗೆ ಬಿಡುವಿಲ್ಲ. ಒಂದು ಶನಿವಾರ ಎಂದು ನಿಶ್ಚಯಿಸಿದೆವು. ಅರಕಲಗೂಡಿನಲ್ಲಿ ದಾಯಾದಿ ದೊಡ್ಡಪ್ಪ ತೀರಿಕೊಂಡರು. ಸೂತಕದಲ್ಲಿ ಅವ್ವ, ತಮ್ಮ ಕೆರೆ ನೋಡಲು ಹೋಗುವುದುಂಟೇ? ಸೂತಕ ಕಳೆಯಿತು, ಮಳೆ ಹಿಡಿಯಿತು. ಮಳೆ ಬಿಟ್ಟಿತು, ಡಯಾಲಿಸಿಸ್ ಸೂಜಿ ಚುಚ್ಚುವ ನನ್ನ ಕೈ ಬಾತುಕೊಂಡಿತು. ಪ್ರತಿ ಸಲವೂ ಪುಳಿಯೋಗರೆ ಗೊಜ್ಜು ಮಾಡಿಟ್ಟಿದ್ದೇ ಬಂತು. ವರ್ಷಗಟ್ಟಲೆಯಿಂದ ಮುಗಿಯದ ಬೂವನಹಳ್ಳಿ ಏರ್‌ಪೋರ್ಟಿನಿಂದ ವಿಮಾನ ಹಾರಿದರೂ ಹಾರೀತು, ನನ್ನ ತಮ್ಮನ ವ್ಯಾನು ಹೊರಡುವುದಿಲ್ಲ ಎಂದು ಮನೆಯವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಸಾಕಾಗಿಹೋಗಿತ್ತು. ಒಂದು ಲೋಟ ನೀರು ಕುಡಿಸಲು ಇಷ್ಟೆಲ್ಲ ದೊಂಬರಾಟ ಯಾಕೆ, ಎಲ್ಲಾ ಬಿಟ್ಟುಬಿಡಿ ಎಂದು ಗೋಡೆ ಕಡೆ ತಿರುಗಿ ಮಲಗಿದೆ.

ಮಾರನೇ ದಿನ ನೋಡಿದರೆ ಅವ್ವ ತನ್ನ ಒಳ್ಳೆಯ ಸೀರೆಯನ್ನು ಒಗೆದು ಹರವಿದ್ದಳು. ಇದ್ಯಾಕೆ ಎಂದು ಕೇಳಿದೆ. ನಾನು ಅಷ್ಟು ಆಸೆ ಪಟ್ಟಿದ್ದೇನಂತೆ, ಭಾನುವಾರ ಹೋಗಿಬಿಟ್ಟು ಬರೋಣವಂತೆ. ನನಗೋಸ್ಕರ ಹೊರಟಿದ್ದಾಳೆ ಎಂದು ಅವಳು ತಿಳಿದಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಭಾನುವಾರ ಹೊರಟೆವು. ತಮ್ಮ ತನ್ನ ವ್ಯಾನಿನಲ್ಲಿ ನೀರಿನ ಬಾಟಲಿಗಳ ಒಂದು ಕಟ್ಟನ್ನೇ ತಂದಿದ್ದ, ಅದರ ಮೇಲೆ ಜಮಖಾನ ಮುಚ್ಚಿ. ನನ್ನ ಕಣ್ಣಿಗೆ ಬೀಳಬಾರದಲ್ಲ. ಉದ್ಯಾನದ ಗೇಟಿನಲ್ಲಿ ಕಾವಲುಗಾರರು ಪ್ಲಾಸ್ಟಿಕ್ ಬಾಟಲಿ ಒಳಗೆ ಬಿಡುವುದಿಲ್ಲ ಎಂದರು. ಬೇರೆಯವರಾಗಿದ್ದರೆ ಜಗಳ ಮಾಡುತ್ತಿದ್ದರು. ನಮ್ಮವರ ಮುಖದಲ್ಲಿ ದೊಡ್ಡ ಸಮಾಧಾನ ಕಾಣಿಸಿತು. ಬಾಟಲಿಗಳೆಲ್ಲ ವ್ಯಾನಿನಲ್ಲೇ ಉಳಿದವು. ನನ್ನ ಯೋಜನೆ ಗೇಟಿನಲ್ಲೇ ಮುಗಿಯಿತು ಎಂದುಕೊಂಡು ಕಾಲೆಳೆಯುತ್ತಾ ಅವರ ಹಿಂದೆ ನಡೆದೆ.

ಕೆರೆ ತುಂಬಿತ್ತು. ನೀರುಕಾಗೆಗಳು ಒಣಮರದ ಮೇಲೆ ರೆಕ್ಕೆ ಹರವಿ ಕೂತಿದ್ದವು. ನಿಜ ಹೇಳುತ್ತೇನೆ, ತಮ್ಮ ಹೆದರಿದಂತೆಯೇ ನನಗೆ ಆಸೆಯಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಯಾರಿಗೂ ತೋರಿಸದೆ ಕಲ್ಲುಬೆಂಚಿನ ಮೇಲೆ ಕೂತೆ. ಅವ್ವ ಪಕ್ಕದಲ್ಲಿ ಕೂತಳು. ಅವಳ ತುಟಿ ಬೆಳ್ಳಗೆ ಒಣಗಿತ್ತು. ಮುಖ ನೋಡಿದೆ, ಬಚ್ಚಲ ಬಾಗಿಲಲ್ಲಿ ಕುಸಿದ ದಿನದ ಮುಖವೇ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ತಂಗಿ ಅವಳಿಗೆ ಸೆರಗಿನಿಂದ ಗಾಳಿ ಹಾಕತೊಡಗಿದಳು, ತಮ್ಮ ನೀರು ತರಲು ಗೇಟಿನ ಕಡೆ ಓಡಿದ. ಗೇಟು ದೂರ. ಅಷ್ಟು ಜನರಲ್ಲಿ ನೀರು ಇದ್ದದ್ದು ನನ್ನ ಹತ್ತಿರ ಮಾತ್ರ, ಚೀಲದಲ್ಲಿದ್ದ ಸ್ಟೀಲ್ ಬಾಟಲಿಯಲ್ಲಿ. ಅದರ ಮುಚ್ಚಳ ತೆಗೆದೆ.

"ಅದು ನಿಂದು ಕಣ್ ಮಗ. ನಂಗೇನ್ ಬಾಯಾರ್ಕೆ ಇಲ್ಲ," ಎಂದಳು ಅವ್ವ. ದನಿಯೇ ಹೊರಡುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಅಳುವೂ ಬಂತು. "ನನ್ ಕಿಡ್ನಿ ಓಗ್ಯದೆ ಅಂತ ನಿಂದೂ ಕಳ್ಕೋತೀಯಾ ಅವ್ವ? ನಾನ್ ಬಂದಿದ್ದು ಕೆರೆ ನೋಡಾಕಲ್ಲ. ನೀನು ನೀರ್ ಕುಡಿಯಾದ್ ನೋಡಾಕೆ."

ಅವ್ವ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಕೆರೆಯನ್ನು ನೋಡಿದಳು. ಆಮೇಲೆ ಬಾಟಲಿ ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ ಎತ್ತಿ ಕುಡಿದಳು. ಅವಳ ಸುಕ್ಕುಗಟ್ಟಿದ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಗಟಗಟ ಸದ್ದು ನನಗೆ ಕೇಳಿಸುತ್ತಿತ್ತು. ನಾನು ಚಿಕ್ಕವಳಿದ್ದಾಗ ಗದ್ದೆಯಿಂದ ಬಂದು ಹೊಸ್ತಿಲಲ್ಲಿ ನಿಂತು ಹೀಗೆಯೇ ಇಡೀ ಚೊಂಬು ಎತ್ತುತ್ತಿದ್ದಳು. ನನಗೆ ಬಾಯಾರಿಕೆಯಾಗಿತ್ತು, ಆದರೂ ಹೊಟ್ಟೆ ತಣ್ಣಗಾಯಿತು.

ಕುಡಿದು ಮುಗಿಸಿ ಅವಳು ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಒಂದ್ ಗುಟ್ಕು ಅದೆ," ಎಂದು ನನ್ನ ಕೈಗೆ ಕೊಟ್ಟಳು. "ಈಗ ನೀನ್ ಕುಡಿ. ನಾನ್ ನೋಡ್ತೀನಿ."